ಹಿಲ್ಡಿ ಹೆಣ್ಣಾದ ಕಥೆ

ಸಂಪಾದಕ ವಾಲ್ಟರ್ ಬರ್ನ್ಸ್ ತನ್ನ ಜೇಬುಗಡಿಯಾರವನ್ನು ತೆಗೆದು ವರದಿಗಾರ ಹಿಲ್ಡಿ ಜಾನ್ಸನ್‌ನ ಕೈಗಿಡುತ್ತಾನೆ. ಕೆಲಸ ಬಿಟ್ಟು ಮದುವೆಯಾಗಲು ಹೊರಟವನಿಗೆ ಅದು ಉಡುಗೊರೆ. ಹಿಲ್ಡಿ ಹುಡುಗಿಯೊಡನೆ ರೈಲು ಹತ್ತಲು ಹೋದ ಮೇಲೆ ವಾಲ್ಟರ್ ಮುಂದಿನ ನಿಲ್ದಾಣದ ಪೊಲೀಸರಿಗೆ ತಂತಿ ಕೊಡಿಸುತ್ತಾನೆ: ಅವನನ್ನು ಹಿಡಿಯಿರಿ, ನನ್ನ ಗಡಿಯಾರ ಕದ್ದಿದ್ದಾನೆ! ಮೂಲದಲ್ಲಿ ಜೊತೆಗೊಂದು ಬೈಗುಳವೂ ಇತ್ತು. 1931ರ ಚಲನಚಿತ್ರದಲ್ಲಿ ಅದನ್ನು ಟೈಪ್‌ರೈಟರಿನ ಸದ್ದಿನಲ್ಲಿ ಮುಳುಗಿಸಿಬಿಟ್ಟರು.

ಇದು 1928ರಲ್ಲಿ ಬ್ರಾಡ್‌ವೇ ರಂಗಮಂಚಕ್ಕೆ ಬಂದ 'ದಿ ಫ್ರಂಟ್ ಪೇಜ್' ನಾಟಕದ ಕೊನೆ. ಬರೆದವರು ಬೆನ್ ಹೆಕ್ಟ್ ಮತ್ತು ಚಾರ್ಲ್ಸ್ ಮ್ಯಾಕ್‌ಆರ್ಥರ್. ಇಬ್ಬರೂ ಷಿಕಾಗೋದಲ್ಲಿ ವರದಿಗಾರರಾಗಿ ಪಳಗಿದವರು. ಹನ್ನೆರಡು ವರ್ಷಗಳ ನಂತರ ಹಾಲಿವುಡ್ಡಿನ ಅತ್ಯಂತ ಚುರುಕಾದ ಪ್ರಣಯ ಹಾಸ್ಯಚಿತ್ರ ಹುಟ್ಟಿದ್ದು ಇದೇ ನಾಟಕದಿಂದ ಎಂದರೆ ಥಟ್ಟನೆ ನಂಬುವುದು ಕಷ್ಟ. ನಾಟಕದಲ್ಲಿರುವುದು ನ್ಯಾಯಾಲಯದ ಕಟ್ಟಡದೊಳಗಿನ ಹೊಗೆ ತುಂಬಿದ ಕೋಣೆ, ಇಸ್ಪೀಟು ಆಡುತ್ತ ಗಲ್ಲಿಗೇರಿಸುವ ಗಳಿಗೆಗೆ ಕಾದು ಕೂತಿರುವ ಪ್ರತಿಸ್ಪರ್ಧಿ ಪತ್ರಿಕೆಗಳ ಗಂಡಸರು. ಪ್ರಣಯಕ್ಕೆ ಅಲ್ಲಿ ಜಾಗವೇ ಇಲ್ಲ.

ಆ ಕೋಣೆ ಕಟ್ಟುಕಥೆಯಲ್ಲ. ಹಿಲ್ಡಿಂಗ್ ಜಾನ್ಸನ್ ಎಂಬ ವರದಿಗಾರ ಷಿಕಾಗೋದಲ್ಲಿ ನಿಜಕ್ಕೂ ಇದ್ದ. ವಾಲ್ಟರ್‌ಗೆ ಮಾದರಿಯಾದವನು ಗಾಜಿನ ಕಣ್ಣಿನ ಸಂಪಾದಕ ವಾಲ್ಟರ್ ಹೋವಿ. ನಾಟಕದಲ್ಲಿ ಕೈದಿ ತಪ್ಪಿಸಿಕೊಳ್ಳುವ ಪ್ರಸಂಗದ ಹಿಂದೆಯೂ ಒಂದು ನಿಜ ಘಟನೆ ಇದೆ. ಪೊಲೀಸನನ್ನು ಕೊಂದ ಆರೋಪದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಟಾಮಿ ಓಕಾನರ್, 1921ರ ಡಿಸೆಂಬರಿನಲ್ಲಿ, ನೇಣಿಗೆ ಕೆಲವೇ ದಿನ ಉಳಿದಿರುವಾಗ ಜೈಲಿನಿಂದ ಪರಾರಿಯಾದ. ಮತ್ತೆ ಸಿಗಲೇ ಇಲ್ಲ. ಇಲಿನಾಯ್ ರಾಜ್ಯ ಆಮೇಲೆ ವಿದ್ಯುತ್ ಕುರ್ಚಿಗೆ ಬದಲಾಯಿತು. ಆದರೆ ಓಕಾನರ್‌ಗೆ ವಿಧಿಸಿದ್ದು ನೇಣು ತಾನೇ? ಹಾಗಾಗಿ ಅವನೇನಾದರೂ ಸಿಕ್ಕರೆ ಇರಲಿ ಎಂದು ಆ ನೇಣುಗಂಬವನ್ನು 1977ರವರೆಗೂ ಜೋಪಾನ ಮಾಡಿದ್ದರು. ಹೆಕ್ಟ್ ಮತ್ತು ಮ್ಯಾಕ್‌ಆರ್ಥರ್‌ಗೂ ಇಂಥ ಹಾಸ್ಯ ಹೊಳೆದಿರಲಿಲ್ಲ.

ಈ ನಾಟಕವನ್ನು ಮತ್ತೊಮ್ಮೆ ತೆರೆಗೆ ತರಲು ಹೊರಟವರು ನಿರ್ದೇಶಕ ಹೋವರ್ಡ್ ಹಾಕ್ಸ್. ಒಂದು ರಾತ್ರಿ ಮನೆಯಲ್ಲಿ ಊಟಕ್ಕೆ ಸೇರಿದ್ದವರ ನಡುವೆ ನಾಟಕ ಓದುವಾಗ ವರದಿಗಾರನ ಮಾತುಗಳನ್ನು ಒಬ್ಬ ಹೆಂಗಸಿಗೆ ಕೊಟ್ಟು, ಸಂಪಾದಕನದ್ದನ್ನು ತಾವು ಓದಿದರಂತೆ. ಮಾತು ಹೆಣ್ಣಿನ ಬಾಯಲ್ಲೇ ಹೆಚ್ಚು ರುಚಿಸಿತಂತೆ. ಹೇಳಿದವರು ಹಾಕ್ಸ್ ಅವರೇ, ಹೀಗಾಗಿ 'ಅಂತೆ' ಬಿಡುವಂತಿಲ್ಲ. ಆದರೆ ಭಾಷೆಯ ಕಡೆಯಿಂದ ನೋಡಿದರೆ ಸಂಗತಿ ನಂಬುವಂತೆಯೇ ಇದೆ. ಕನ್ನಡದಲ್ಲೂ 'ನಾನು ಹೊರಟೆ', 'ನೀನು ಬಂದೆ' ಎಂದರೆ ಮಾತಾಡಿದ್ದು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಮೂರನೆಯವರು ಬಂದಾಗಲೇ 'ಹೊರಟನು', 'ಹೊರಟಳು' ಎಂಬ ತಂಟೆ. ಹಾಕ್ಸ್ ಮಾಡಿದ್ದೂ ಅಷ್ಟೇ. ನಾನು-ನೀನು ಎಂಬ ಜಗಳವನ್ನು ಇದ್ದ ಹಾಗೆಯೇ ಉಳಿಸಿಕೊಂಡು ನಡುವೆ ಮೂರನೆಯವನೊಬ್ಬನನ್ನು ತಂದು ನಿಲ್ಲಿಸಿದರು. ಅವನೇ ಹಿಲ್ಡಿ ಮದುವೆಯಾಗಲು ಹೊರಟಿರುವ, ಆಲ್ಬನಿಯ ವಿಮಾ ಏಜೆಂಟ್ ಬ್ರೂಸ್ ಬಾಲ್ಡ್‌ವಿನ್.

1940ರ ಜನವರಿಯಲ್ಲಿ 'ಹಿಸ್ ಗರ್ಲ್ ಫ್ರೈಡೇ' ತೆರೆಕಂಡಿತು. ಚಿತ್ರಕಥೆ ಚಾರ್ಲ್ಸ್ ಲೆಡರರ್ ಅವರದು. ವಾಲ್ಟರ್ ಆಗಿ ಕ್ಯಾರಿ ಗ್ರಾಂಟ್, ಹಿಲ್ಡಿಯಾಗಿ ರೋಸಲಿಂಡ್ ರಸೆಲ್. ಚಿತ್ರದಲ್ಲಿ ಇವರಿಬ್ಬರೂ ವಿಚ್ಛೇದನ ಪಡೆದ ಗಂಡ ಹೆಂಡತಿ, ಜಾಣತನ ಇರುವುದೇ ಇಲ್ಲಿ. 1934ರಿಂದ ಹಾಲಿವುಡ್ಡಿನ ನೀತಿಸಂಹಿತೆ ಬಿಗಿಯಾಗಿತ್ತು. ಮದುವೆಯಾಗದವರ ಸಲಿಗೆಯನ್ನು ಹಗುರವಾಗಿ ತೋರಿಸುವಂತಿರಲಿಲ್ಲ. ಒಮ್ಮೆ ಮದುವೆಯಾಗಿ ಬಿಟ್ಟವರಿಗೆ ಮಾತ್ರ ಪರಸ್ಪರರ ಎಲ್ಲ ಗುಟ್ಟೂ ಗೊತ್ತಿರಬಹುದು, ಸೆನ್ಸಾರಿನವರೂ ಸುಮ್ಮನಿರಬೇಕು. ಗ್ರಾಂಟ್ 1937ರಲ್ಲೇ ಇಂಥದ್ದೊಂದು ಚಿತ್ರದಲ್ಲಿ ನಟಿಸಿದ್ದರು. ಅದರಲ್ಲೂ ನಾಯಕಿಯನ್ನು ಕಳೆದುಕೊಂಡವರು, ಇಲ್ಲಿ ಬ್ರೂಸ್ ಆಗಿರುವ ರಾಲ್ಫ್ ಬೆಲಮಿಯವರೇ. ಈ ಚಿತ್ರದಲ್ಲಿ ಬ್ರೂಸ್ ನೋಡಲು ಹೇಗಿದ್ದಾನೆಂದು ಕೇಳಿದರೆ ವಾಲ್ಟರ್ ಹೇಳುತ್ತಾನೆ: ಸಿನಿಮಾದಲ್ಲಿರುವ ಆ ರಾಲ್ಫ್ ಬೆಲಮಿಯ ಹಾಗೆ.

ಗಡಿಯಾರದ ಹಳೆಯ ತಂತ್ರ ಈಗ ಬ್ರೂಸ್‌ನ ಪಾಲಿಗೆ. ಗಡಿಯಾರ ಕದ್ದನೆಂದು ಪಾಪದವನು ಲಾಕಪ್ ಸೇರುತ್ತಾನೆ, ಬಿಡಿಸಿ ತಂದರೆ ಇನ್ನೊಂದು ನೆಪದಲ್ಲಿ ಮತ್ತೆ ಒಳಗೆ.

ಚಿತ್ರದ ವೇಗ ಪ್ರಸಿದ್ಧ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಹತ್ತಿದರೂ ಅರ್ಥ ಕೆಡದಂತೆ ವಾಕ್ಯದ ಆರಂಭಕ್ಕೂ ಕೊನೆಗೂ ಬೇಡದ ಪದಗಳನ್ನು ಸೇರಿಸಿ ಬರೆಸಿದ್ದರು. ಒಳ್ಳೆಯ ಮಾತೆಲ್ಲ ಗ್ರಾಂಟ್‌ಗೇ ಹೋಗುತ್ತಿದೆ ಎನಿಸಿ ರಸೆಲ್ ಗುಟ್ಟಾಗಿ ಜಾಹೀರಾತು ಬರಹಗಾರನೊಬ್ಬನಿಗೆ ಸ್ವಂತ ಹಣ ಕೊಟ್ಟು ಮಾತು ಬರೆಸಿಕೊಂಡರೆಂದು ಅವರದೇ ಆತ್ಮಕಥೆಯಲ್ಲಿದೆ. ಹಿಲ್ಡಿ ಮಾಡುವಂಥ ಕೆಲಸವೇ!

ನನಗೆ ಮಾತ್ರ ಚಿತ್ರ ನಿಧಾನವಾಗುವ ಒಂದು ದೃಶ್ಯವೇ ಹೆಚ್ಚು ಕಾಡುತ್ತದೆ. ಮೇಯರ್ ಮತ್ತು ಷರೀಫ್ ಚುನಾವಣೆಯ ಮತಕ್ಕಾಗಿ ಗಲ್ಲಿಗೇರಿಸಲು ಆತುರಪಡುತ್ತಿರುವ ಅರ್ಲ್ ವಿಲಿಯಮ್ಸ್‌ನನ್ನು ಹಿಲ್ಡಿ ಜೈಲಿನಲ್ಲಿ ಭೇಟಿಯಾಗುತ್ತಾಳೆ. ತಗ್ಗಿದ ದನಿಯಲ್ಲಿ, ಮಗುವನ್ನು ಕೇಳುವ ಹಾಗೆ ಕೇಳುತ್ತಾಳೆ: ಉದ್ಯಾನದಲ್ಲಿ ಭಾಷಣಕಾರರು ಏನು ಹೇಳುತ್ತಿದ್ದರು? ವಸ್ತುಗಳಿರುವುದು ಬಳಕೆಗೆ ಎಂದು. ಹಾಗಾದರೆ ಬಂದೂಕು ಯಾತಕ್ಕೆ? ಸುಡುವುದಕ್ಕೆ. ಅದಕ್ಕೇ ಸುಟ್ಟೆಯಾ? ಅವನು ಹೌದೆನ್ನುತ್ತಾನೆ. ಕರುಣೆ ಇದೆ ನಿಜ, ಆದರೆ ಉತ್ತರವನ್ನು ಅವನ ಬಾಯಿಗೆ ಇಟ್ಟವಳು ಅವಳೇ. ಆಮೇಲೆ ಅವಳಿಲ್ಲದಾಗ ಪ್ರತಿಸ್ಪರ್ಧಿ ವರದಿಗಾರರು ಟೈಪ್‌ರೈಟರಿನಲ್ಲೇ ಉಳಿದಿದ್ದ ಆ ಬರಹವನ್ನು ಓದಿ ತಲೆದೂಗುತ್ತಾರೆ. ಅದೇ ಗಂಡಸರು ಕೈದಿಯ ಗೆಳತಿ ಮಾಲಿಯನ್ನು ಗೇಲಿ ಮಾಡಿದವರು, ಮುಂದೆ ಅವಳು ಕಿಟಕಿಯಿಂದ ಹಾರುವವರೆಗೂ ಕಾಡಿದವರು.

ವಾಷಿಂಗ್ಟನ್ನಿನ ನ್ಯಾಷನಲ್ ಪ್ರೆಸ್ ಕ್ಲಬ್ ಹೆಂಗಸರಿಗೆ ಸದಸ್ಯತ್ವ ಕೊಟ್ಟದ್ದು 1971ರಲ್ಲಿ. ತೆರೆಯ ಮೇಲೆ ಹಿಲ್ಡಿ ಅದಕ್ಕೂ ಮೂವತ್ತು ವರ್ಷ ಮೊದಲೇ ಗಂಡಸು ವರದಿಗಾರರ ಮೇಜಿನ ಮುಂದೆ ಕೂತಿದ್ದಳು, ಹೀಲ್ಸ್ ಹಾಕಿಕೊಂಡೇ ಓಡಿ ಜೈಲು ಅಧಿಕಾರಿಯನ್ನು ನೆಲಕ್ಕೆ ಕೆಡವಿ, ಬ್ರೂಸ್‌ನ ಹಣವನ್ನೇ ಲಂಚ ಕೊಟ್ಟು ಸುದ್ದಿ ತಂದಿದ್ದಳು. 1974ರಲ್ಲಿ ಬಿಲ್ಲಿ ವೈಲ್ಡರ್ ನಾಟಕವನ್ನು ಮತ್ತೆ ಚಿತ್ರ ಮಾಡಿದಾಗ ಹಿಲ್ಡಿಯನ್ನು ಪುನಃ ಗಂಡಸಾಗಿಸಿದರು. ನಗು ಬರುತ್ತದೆ, ಮಜ ಬರುವುದಿಲ್ಲ.

ಹಾಗೆಂದು ಹಾಕ್ಸ್‌ರ ಚಿತ್ರವನ್ನು ಹೆಣ್ಣಿನ ಗೆಲುವೆಂದು ಸಾರಿಬಿಡುವುದೂ ಸುಲಭವಲ್ಲ. ಅವಳು ಜೀವ ತೇಯ್ದು ಬರೆದ ಸುದ್ದಿಯಲ್ಲಿ ಪತ್ರಿಕೆಯ ಹೆಸರು ಎರಡನೆಯ ಪ್ಯಾರಾದಲ್ಲಿ ಬಂದರೆ, ಎರಡನೆಯ ಪ್ಯಾರಾ ಯಾರು ಓದುತ್ತಾರೆ ಎಂದು ವಾಲ್ಟರ್ ಗದರುತ್ತಾನೆ. ಕೊನೆಗೆ ಇಬ್ಬರೂ ಮತ್ತೆ ಮದುವೆಯಾಗಿ ನಯಾಗರಾಗೆ ಮಧುಚಂದ್ರಕ್ಕೆ ಹೋಗುವುದೆಂದು ನಿಶ್ಚಯವಾಗುತ್ತದೆ. ಅಷ್ಟರಲ್ಲಿ ಆಲ್ಬನಿಯಲ್ಲಿ ಮುಷ್ಕರವೆಂಬ ಸುದ್ದಿ. ಪ್ರಯಾಣ ಆ ಕಡೆಗೆ ತಿರುಗುತ್ತದೆ. ಉಳಿದುಕೊಳ್ಳಲು ಬ್ರೂಸ್ ಜಾಗ ಕೊಟ್ಟಾನೇನೋ ಎನ್ನುತ್ತ ವಾಲ್ಟರ್ ಮುಂದೆ ಮುಂದೆ ಹೋಗುತ್ತಾನೆ. ಸೂಟ್‌ಕೇಸ್ ಹೊತ್ತು ಹಿಂದಿನಿಂದ ಬರುತ್ತಿರುವವಳು ಹಿಲ್ಡಿ.