ಟರ್ಮಿನಲ್‌ನಲ್ಲಿ ತೆರೆಯುವ ಫೈಲ್ ವಿಮ್ ಒಳಗೆ ಯಾಕೆ ತೆರೆಯಲ್ಲ?

ಪ್ರಶ್ನೆ: ನಾನು ವಿಮ್ ಅನ್ನೋ ಟೆಕ್ಸ್ಟ್ ಎಡಿಟರ್ ಬಳಸುತ್ತೇನೆ. ನನ್ನ ಹತ್ತಿರ ‘ಬಾಡಿಗೆ#2’ ಅನ್ನೋ ಫೈಲ್ ಇದೆ. ಟರ್ಮಿನಲ್‌ನಲ್ಲಿ ವಿಮ್ ಎಂದು ಬರೆದು ಪಕ್ಕದಲ್ಲಿ ಈ ಹೆಸರು ಕೊಟ್ಟರೆ ಸರಿಯಾಗಿ ತೆರೆಯುತ್ತದೆ. ವಿಮ್ ಒಳಗಿನಿಂದ, ಫೈಲ್ ತೆರೆಯುವ ಎಡಿಟ್ ಕಮಾಂಡ್‌ಗೆ ಅದೇ ಹೆಸರು ಕೊಟ್ಟರೆ ಒಮ್ಮೆ ಇ194 ಎರರ್ ಬರುತ್ತದೆ, ಇನ್ನೊಮ್ಮೆ ಖಾಲಿ ಫೈಲ್ ಬರುತ್ತದೆ. ಏನಿದು?

ಉತ್ತರ: ಫೈಲ್ ಕೆಟ್ಟಿಲ್ಲ, ಗಾಬರಿ ಬೇಡ. ವಿಮ್‌ನ ಕಮಾಂಡ್ ಲೈನ್‌ನಲ್ಲಿ # ಅಂದರೆ ‘ಇದಕ್ಕೆ ಮುಂಚೆ ನೋಡುತ್ತಿದ್ದ ಫೈಲ್’, % ಅಂದರೆ ‘ಈಗ ತೆರೆದಿರುವ ಫೈಲ್’. ಎಂಟರ್ ಒತ್ತಿದ ಕೂಡಲೇ ವಿಮ್ ಈ ಚಿಹ್ನೆಗಳನ್ನು ತೆಗೆದು, ಅಲ್ಲಿ ಫೈಲ್ ಹೆಸರನ್ನು ತುಂಬುತ್ತದೆ. ಫೈಲ್ ತೆರೆಯಲು ಹೊರಡುವುದು ಆಮೇಲೆ.

ನಿಮ್ಮ ಹೆಸರಿನಲ್ಲಿ # ಜೊತೆಗೆ ಒಂದು ಅಂಕಿಯೂ ಇದೆ, ಅಲ್ವಾ? #2 ಅಂದರೆ ಎರಡನೇ ನಂಬರಿನ ಬಫರ್ (ತೆರೆದ ಫೈಲನ್ನು ವಿಮ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ). ವಿಮ್ ತೆರೆದ ಫೈಲ್‌ಗಳಿಗೆಲ್ಲ ಒಂದೊಂದು ನಂಬರ್ ಕೊಡುತ್ತಾ ಹೋಗುತ್ತದೆ. ನೀವು ಒಂದೇ ಫೈಲ್ ತೆರೆದಿದ್ದರೆ ಎರಡನೇ ಬಫರ್ ಇರುವುದೇ ಇಲ್ಲ. # ಜಾಗಕ್ಕೆ ಹಾಕಲು ಹೆಸರಿಲ್ಲ ಎಂದು ಇ194 ಬರುತ್ತದೆ. ಎರಡನೆಯದಾಗಿ ‘ಪಟ್ಟಿ’ ಅನ್ನೋ ಫೈಲ್ ತೆರೆದಿದ್ದೀರಿ ಅಂದುಕೊಳ್ಳಿ. ಆಗ ನಿಮ್ಮ ಕಮಾಂಡ್ ‘ಬಾಡಿಗೆಪಟ್ಟಿ’ಯನ್ನು ತೆರೆ ಎಂದಾಗುತ್ತದೆ! ಆ ಹೆಸರಿನ ಫೈಲ್ ಇಲ್ಲದ್ದರಿಂದ ಖಾಲಿ ಪುಟ ಎದುರಿಗೆ. ಅದರಲ್ಲೇ ಬರೆದು ಸೇವ್ ಮಾಡಿದರೆ, ನೀವು ಯಾವತ್ತೂ ಇಡದ ಹೆಸರಿನ ಫೈಲ್ ಡಿಸ್ಕಿನಲ್ಲಿ ಕೂತಿರುತ್ತದೆ.

ಟರ್ಮಿನಲ್‌ನಲ್ಲಿ ಈ ರಗಳೆ ಇಲ್ಲ. ಅಲ್ಲಿ ನಮ್ಮ ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಂ ಶೆಲ್. ಶೆಲ್‌ಗೆ # ವಿಶೇಷ ಆಗುವುದು ಪದದ ಶುರುವಿನಲ್ಲಿ ಬಂದರೆ ಮಾತ್ರ, ಆಗ ಅಲ್ಲಿಂದ ಮುಂದಿನದೆಲ್ಲ ಕಾಮೆಂಟ್, ಅಂದರೆ ಓದದೆ ಬಿಡುವ ಟಿಪ್ಪಣಿ. ಪದದ ನಡುವೆ ಇದ್ದರೆ ಅದು ಸುಮ್ನೆ ಒಂದು ಚಿಹ್ನೆ. ಹೆಸರು ಇದ್ದ ಹಾಗೇ ವಿಮ್ ಕೈ ಸೇರುತ್ತದೆ.

ಪರಿಹಾರ ಸುಲಭ. # ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ, ಬಾಡಿಗೆ\#2 ಎಂದು ಬರೆಯಿರಿ. % ಇರುವ ಹೆಸರಿಗೂ ಇದೇ ಮದ್ದು. ನಾನಾದರೆ ಅದನ್ನೂ ಕೈಯಲ್ಲಿ ಟೈಪ್ ಮಾಡುವುದಿಲ್ಲ. ‘ಬಾಡಿಗೆ’ ಅಂತ ಬರೆದು, # ಬರುವ ಮುಂಚೆಯೇ ಟ್ಯಾಬ್ ಒತ್ತಿ. ಉಳಿದ ಹೆಸರನ್ನು ವಿಮ್ ತಾನೇ ತುಂಬುತ್ತದೆ, ಬ್ಯಾಕ್‌ಸ್ಲ್ಯಾಶ್ ಕೂಡ ಹಾಕಿಕೊಡುತ್ತದೆ.

ಶೆಲ್‌ನ ಅಭ್ಯಾಸದಲ್ಲಿ ಹೆಸರಿನ ಸುತ್ತ ಡಬಲ್ ಕೋಟ್ ಹಾಕುವವರು ಜಾಸ್ತಿ. ಇಲ್ಲಿ ಅದು ನಡೆಯುವುದಿಲ್ಲ. ಎಡಿಟ್ ಕಮಾಂಡ್ ಮುಂದೆ ಡಬಲ್ ಕೋಟ್ ಬಂದರೆ ಅಲ್ಲಿಂದಾಚೆಗೆಲ್ಲ ಕಾಮೆಂಟ್ ಎಂದೇ ವಿಮ್ ಲೆಕ್ಕ ಹಾಕುತ್ತದೆ. ಉಳಿಯುವುದು ಬರೀ ಎಡಿಟ್. ಅಂದರೆ ಈಗಿರುವ ಫೈಲನ್ನೇ ಇನ್ನೊಮ್ಮೆ ಓದು ಎಂದರ್ಥ. ಏನೂ ಆಗಲಿಲ್ಲವಲ್ಲ ಎಂದು ನೀವು ಮತ್ತೆ ಮತ್ತೆ ಎಂಟರ್ ಒತ್ತುತ್ತೀರಿ. ಹೆಸರಿನಲ್ಲಿ ಖಾಲಿ ಜಾಗ ಇದ್ದರೂ ಎಡಿಟ್‌ಗೆ ಕೋಟ್ ಬೇಡ. ಅದು ಒಂದೇ ಹೆಸರು ತಗೊಳ್ಳುವ ಕಮಾಂಡ್, ಹಾಗಾಗಿ ಖಾಲಿ ಜಾಗವನ್ನು ಹೆಸರಿನೊಳಗೇ ಸೇರಿಸಿಕೊಳ್ಳುತ್ತದೆ.

* ಮತ್ತು ? ಶೆಲ್‌ನಲ್ಲಿದ್ದ ಹಾಗೇ ಇಲ್ಲೂ ಕೆಲಸ ಮಾಡುತ್ತವೆ: * ಎಷ್ಟು ಅಕ್ಷರಗಳಿಗಾದರೂ, ? ಒಂದೇ ಅಕ್ಷರಕ್ಕೆ ಹೊಂದುತ್ತದೆ. ಎಡಿಟ್‌ಗೆ ಕೊಟ್ಟ * ಒಂದಕ್ಕಿಂತ ಜಾಸ್ತಿ ಫೈಲ್‌ಗೆ ಹೊಂದಿದರೆ ಇ77 ಎರರ್ ಬರುತ್ತದೆ, ಅಷ್ಟೇ.

ಇಷ್ಟು ತೊಂದರೆ ಕೊಡುವ ಚಿಹ್ನೆಗಳನ್ನು ಯಾಕೆ ಇಟ್ಟರು ಅಂತ ಕೇಳಬಹುದು. ಇವು ವಿಮ್‌ಗಿಂತ ಹಳೆಯವು. ವಿಮ್ ಅನ್ನು ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದರು. ಅದಕ್ಕೆ ಮೂಲವಾದ ವಿಐ ಎಡಿಟರ್ ಅನ್ನು ಬರ್ಕ್ಲಿಯಲ್ಲಿದ್ದ ಬಿಲ್ ಜಾಯ್ ಬರೆದದ್ದು 1970ರ ದಶಕದಲ್ಲಿ. # ಮತ್ತು % ಅಲ್ಲಿಂದಲೇ ಬಂದ ಆಸ್ತಿ. ಎರಡು ಫೈಲ್ ಮಧ್ಯೆ ಓಡಾಡುವಾಗ ಉದ್ದನೆಯ ಹೆಸರು ಬರೆಯುವ ಬದಲು ಎಡಿಟ್‌ಗೆ ಬರೀ # ಕೊಟ್ಟರೆ ಸಾಕು. ಒಮ್ಮೆ ರೂಢಿಯಾದರೆ ಬಿಡೋಕೆ ಆಗಲ್ಲ.

ನನ್ನ ಪ್ರಕಾರ ಹೆಚ್ಚು ಎಚ್ಚರ ಬೇಕಾದದ್ದು ವಿಮ್ ಒಳಗಿನಿಂದ ಆಶ್ಚರ್ಯಸೂಚಕ ಹಾಕಿ ಶೆಲ್ ಕಮಾಂಡ್ ಓಡಿಸುವಾಗ. ಅಲ್ಲೂ % ಬದಲಾಗುತ್ತದೆ. ಇವತ್ತಿನ ತಾರೀಖು ಬೇಕೆಂದು ಡೇಟ್ ಕಮಾಂಡ್‌ಗೆ +% ಮತ್ತು ಡಿ ಅಕ್ಷರ ಕೊಟ್ಟು ನೋಡಿ. ತಾರೀಖಿನ ಬದಲು ನಿಮ್ಮ ಫೈಲ್ ಹೆಸರು, ಅದರ ಬಾಲಕ್ಕೊಂದು ಡಿ ಬರುತ್ತದೆ. ಇದು ತಮಾಷೆ, ಆದರೆ ಅಳಿಸುವ ಕಮಾಂಡ್‌ನಲ್ಲಿ ಹಾಗಲ್ಲ. ತೆರೆದಿರುವ ಫೈಲ್ ‘ಜನವರಿ ಲೆಕ್ಕ’ ಆಗಿದ್ದು, ಫೈಲ್ ಅಳಿಸುವ ಆರ್‌ಎಂ ಕಮಾಂಡ್ ಮುಂದೆ % ಹಾಕಿದರೆ ಶೆಲ್‌ಗೆ ಕಾಣುವುದು ಎರಡು ಹೆಸರು: ‘ಜನವರಿ’ ಒಂದು, ‘ಲೆಕ್ಕ’ ಒಂದು. ಆ ಹೆಸರಿನ ಫೈಲ್‌ಗಳು ಪಕ್ಕದಲ್ಲೇ ಇದ್ದರೆ ಅವು ಹೋದವು. ಇಂಥ ಕಡೆ % ಬಳಿಕ ಕೋಲನ್ ಹಾಕಿ ದೊಡ್ಡಕ್ಷರದ ಎಸ್ ಬರೆಯಿರಿ. ಆಗ ಹೆಸರನ್ನು ವಿಮ್ ಶೆಲ್‌ಗೆ ಅರ್ಥವಾಗುವಂತೆ ಕೋಟ್ ಒಳಗಿಟ್ಟು ಕಳಿಸುತ್ತದೆ. ವಿಮ್ ಸ್ಕ್ರಿಪ್ಟ್‌ನಲ್ಲಿ (ವಿಮ್‌ಗಾಗಿ ಬರೆಯುವ ಪ್ರೋಗ್ರಾಂನಲ್ಲಿ) ಫೈಲ್ ಹೆಸರನ್ನು ಎಡಿಟ್‌ಗೆ ಜೋಡಿಸುವವರು ಎಫ್‌ನೇಮ್‌ಎಸ್ಕೇಪ್ ಫಂಕ್ಷನ್ ಬಳಸಿ, ಅದು #, %, * ಎಲ್ಲಕ್ಕೂ ಬ್ಯಾಕ್‌ಸ್ಲ್ಯಾಶ್ ಹಾಕಿಕೊಡುತ್ತದೆ.