ಎದೆ ಬಡಿತ ತಪ್ಪಿ ತಾನೇ ಸರಿಹೋದರೆ ಸುಮ್ನೆ ಬಿಡಬಹುದಾ?

ಸಿಂಧನೂರು ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ನಮ್ಮಪ್ಪಗ 62 ವರ್ಷ, ಬಿಪಿ ಅದ. ಆಗಾಗ ಎದಿ ದಡದಡ ಬಡಕೊಂತದ, ಅರ್ಧ ತಾಸಿಗೆ ತಾನೇ ಸುಮ್ಮನಾಗ್ತದ. ಇಸಿಜಿ ತೆಗೆಸಿದ್ರ ನಾರ್ಮಲ್ ಅಂದ್ರು. ಇದು ಹಂಗೇ ಹೋಗ್ತದೋ, ಮುಂದ ಜಾಸ್ತಿ ಆಗ್ತದೋ?"

ಸುಮ್ನೆ ಬಿಡಬೇಡಿ. ಇಸಿಜಿ ಸಾಮಾನ್ಯವಾಗಿ ಹತ್ತು ಸೆಕೆಂಡಿನ ಬಡಿತವನ್ನಷ್ಟೇ ಬರೆದುಕೊಳ್ಳುತ್ತದೆ. ಅದು ನಾರ್ಮಲ್ ಬಂತು ಅಂದರೆ ಆ ಹೊತ್ತಿನಲ್ಲಿ ಬಡಿತ ಸರಿಯಿತ್ತು ಅಂತ ಅರ್ಥ, ನಿನ್ನೆ ರಾತ್ರಿ ಏನಾಗಿತ್ತು ಅಂತ ಅದಕ್ಕೆ ಗೊತ್ತಿಲ್ಲ.

ಹೃದಯದ ಬಲಗಡೆ ಮೇಲಿನ ಕೋಣೆಯಲ್ಲಿ ಒಂದು ಪುಟ್ಟ ಜಾಗವಿದೆ, ಸೈನಸ್ ನೋಡ್ ಅಂತಾರೆ. ನಾವು ಸುಮ್ಮನೆ ಕೂತಿರುವಾಗ ನಿಮಿಷಕ್ಕೆ 60ರಿಂದ 100 ಸಲ ಅಲ್ಲಿಂದ ಕರೆಂಟು ಹೊರಡುತ್ತದೆ, ಅದರಂತೆ ಹೃದಯ ಬಡಿಯುತ್ತದೆ. ನಡುವೆ ಒಂದೊಂದು ಬಡಿತ ಮುಂಚೆ ಬಂದು ಎದೆ ಧಸಕ್ ಅನ್ನುವುದು ಬಹಳ ಜನರಿಗೆ ಆಗುತ್ತದೆ, ಹೃದಯ ಗಟ್ಟಿಯಿದ್ದವರಿಗೆ ಅದರಿಂದ ತೊಂದರೆ ಕಡಿಮೆ. ಆದರೆ 60 ದಾಟಿದ, ಬಿಪಿ ಇರುವ ಮನುಷ್ಯನಿಗೆ ಅರ್ಧ ತಾಸು ದಡದಡ ಅಂದರೆ ಮೊದಲು ನೋಡಬೇಕಾದ್ದು ಏಟ್ರಿಯಲ್ ಫಿಬ್ರಿಲೇಶನ್. ಇದರಲ್ಲಿ ಮೇಲಿನ ಕೋಣೆಗಳು ನಿಮಿಷಕ್ಕೆ 350ಕ್ಕೂ ಜಾಸ್ತಿ ಸಲ ಸುಮ್ಮನೆ ಅದುರುತ್ತಿರುತ್ತವೆ, ಸರಿಯಾಗಿ ಹಿಂಡುವುದಿಲ್ಲ. ಕೆಳಗಿನ ಕೋಣೆಗಳಿಗೆ ಆ ಕರೆಂಟು ಅಷ್ಟಿಷ್ಟು ಇಳಿದು ನಾಡಿ ತಾಳವಿಲ್ಲದೆ ಓಡುತ್ತದೆ.

ಯಾಕೆ ಬರುತ್ತದೆ? ವರ್ಷಗಟ್ಟಲೆ ಬಿಪಿ ಹಿಡಿತದಲ್ಲಿ ಇರದಿದ್ದರೆ ಕೆಳಗಿನ ಕೋಣೆಯ ಗೋಡೆ ದಪ್ಪವಾಗುತ್ತದೆ, ಒತ್ತಡ ಮೇಲಕ್ಕೆ ತಿರುಗುತ್ತದೆ, ಮೇಲಿನ ಕೋಣೆ ಹಿಗ್ಗಿ ಅಲ್ಲಲ್ಲಿ ನಾರು ಕಟ್ಟುತ್ತದೆ. ನಾರು ಕಟ್ಟಿದ ಕಡೆ ಕರೆಂಟು ದಾರಿ ತಪ್ಪುತ್ತದೆ. ನಮ್ಮಲ್ಲಿ ಇನ್ನೊಂದು ದೊಡ್ಡ ಕಾರಣ, ಚಿಕ್ಕಂದಿನ ಗಂಟಲು ನೋವು. ಅದಕ್ಕೆ ಸರಿಯಾಗಿ ಔಷಧ ಬೀಳದೆ ಕೆಲವು ಮಕ್ಕಳಿಗೆ ಕೀಲು ಬಾವಿನ ರುಮ್ಯಾಟಿಕ್ ಜ್ವರ ಬಂದು, ಮುಂದೆ ಹೃದಯದ ವಾಲ್ವ್ ಕಿರಿದಾಗುತ್ತದೆ. ಬಸುರಿಯಾದಾಗ ಏದುಸಿರು ಬಂದು ಮೊದಲ ಸಲ ಇದು ಗೊತ್ತಾಗುವ ಹೆಣ್ಣುಮಕ್ಕಳೂ ಇದ್ದಾರೆ, ಅದನ್ನು ನೆನೆದರೆ ಬೇಜಾರಾಗುತ್ತದೆ. ಥೈರಾಯ್ಡ್ ಜಾಸ್ತಿಯಾಗುವುದು, ಕುಡಿತ, ಸಕ್ಕರೆ ಕಾಯಿಲೆ, ಉಸಿರು ಕಟ್ಟಿ ಕಟ್ಟಿ ಬರುವ ಗೊರಕೆ, ಇವೂ ಕಾರಣಗಳೇ. ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ವಾಂತಿ ಭೇದಿ ಹಿಡಿದು ಪೊಟ್ಯಾಸಿಯಂ ಇಳಿದರೂ ಬಡಿತ ತಪ್ಪಬಹುದು.

ಇನ್ನು ಜಾಸ್ತಿ ಆಗುತ್ತದಾ ಅನ್ನುವ ಮಾತು. ಎಲ್ಲರಿಗೂ ಆಗುವುದಿಲ್ಲ, ಆದರೆ ಬಹಳ ಜನರಿಗೆ ಆಗುತ್ತದೆ. 1995ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ವಿಜ್ಞಾನಿಗಳು ಆಡುಗಳ ಹೃದಯದಲ್ಲಿ ಈ ಅದುರುವಿಕೆಯನ್ನು ಮತ್ತೆ ಮತ್ತೆ ಹುಟ್ಟಿಸಿ ನೋಡಿದರು. ಮೊದಮೊದಲು ಕೆಲವೇ ಸೆಕೆಂಡಿನಲ್ಲಿ ನಿಲ್ಲುತ್ತಿದ್ದದ್ದು ಕೆಲವು ವಾರಗಳಲ್ಲಿ ಇಡೀ ದಿನ ನಿಲ್ಲದ ಹಾಗಾಯಿತು. ಅಂದರೆ ತಪ್ಪಿದ ಬಡಿತವೇ ಹೃದಯವನ್ನು ಬದಲಿಸಿ, ಮುಂದಿನ ಸಲಕ್ಕೆ ದಾರಿ ಸಲೀಸು ಮಾಡಿಕೊಡುತ್ತದೆ. ಮನುಷ್ಯರಲ್ಲಿ ಬಂದುಹೋಗುವುದು ಮೊದಲ ಹಂತ, ಏಳು ದಿನ ದಾಟಿದರೆ ಎರಡನೆಯದು, ಆಮೇಲೆ ವರ್ಷ ದಾಟಿಯೂ ನಿಲ್ಲದ್ದು. ಹಾಗಾಗಿ ಬಂದುಹೋಗುವಾಗಲೇ ಬಿಪಿ, ತೂಕ, ಕುಡಿತ ಹಿಡಿತಕ್ಕೆ ತಂದರೆ ಲಾಭ ಜಾಸ್ತಿ.

ನನಗೆ ನಿಜವಾಗಿ ಚಿಂತೆ ಇರುವುದು ಲಕ್ವದ ಬಗ್ಗೆ. ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಆ ಗಡ್ಡೆ ಮೆದುಳಿಗೆ ಹೋದರೆ ಬಾಯಿ ಸೊಟ್ಟಗಾಗುತ್ತದೆ, ಕೈ ಬೀಳುತ್ತದೆ, ಮಾತು ತೊದಲುತ್ತದೆ. ಈ ತೊಂದರೆ ಇರುವವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು. ದಡದಡ ಅನಿಸದವರಿಗೂ, ಅರ್ಧ ತಾಸು ಬಂದುಹೋಗುವವರಿಗೂ ಈ ಅಪಾಯ ಇದೆ. ಲಕ್ವ ಹೊಡೆದರೆ ಎಣ್ಣೆ ತಿಕ್ಕಿಸಿಕೊಳ್ಳಲು ಊರೂರು ಅಲೆಯಬೇಡಿ. ಗಡ್ಡೆ ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ತಾಸಿನೊಳಗೆ ಬೀಳಬೇಕು, ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಹೋಗಿ.

ಅಪ್ಪನ ವಿಷಯಕ್ಕೆ ಬಂದರೆ, ದಡದಡ ಶುರುವಾದ ಕೂಡಲೇ ಮಣಿಕಟ್ಟಿನಲ್ಲಿ ನಾಡಿ ಹಿಡಿದು ತಾಳ ತಪ್ಪಿದೆಯಾ ನೋಡಿ, ಆಗಲೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ "ಈಗ ಆಗ್ತಾ ಇದೆ, ಈಗಲೇ ಇಸಿಜಿ ತೆಗೀರಿ" ಅನ್ನಿ. ಅದು ಆಗದಿದ್ದರೆ 24 ತಾಸು ಮೈಗೆ ಕಟ್ಟಿ ಬಡಿತ ಬರೆದುಕೊಳ್ಳುವ ಹೋಲ್ಟರ್ ಯಂತ್ರದ ಬಗ್ಗೆ ಕೇಳಿ, ಜೊತೆಗೆ ಎಕೋ ಅನ್ನುವ ಹೃದಯದ ಸ್ಕ್ಯಾನ್, ಥೈರಾಯ್ಡ್ ಪರೀಕ್ಷೆ. ಹೃದಯಕ್ಕೇ ಅಂತ ಇರುವ ಜಯದೇವ ಆಸ್ಪತ್ರೆ ಕಲಬುರಗಿಯಲ್ಲೂ ಇದೆ. ತಲೆಸುತ್ತಿ ಬಿದ್ದರೆ, ಎದೆ ನೋವು ಅಥವಾ ಏದುಸಿರು ಬಂದರೆ ಮಾತ್ರ ಇದ್ಯಾವುದಕ್ಕೂ ಕಾಯದೆ ಹೊರಡಿ.

ರೋಗ ಇದೇ ಅಂತಾದರೆ ವಯಸ್ಸು, ಬಿಪಿ, ಸಕ್ಕರೆ, ಹಿಂದೆ ಲಕ್ವ ಹೊಡೆದಿತ್ತಾ ಎಂದೆಲ್ಲ ನೋಡಿ ಡಾಕ್ಟರು ರಕ್ತ ತೆಳುವಾಗುವ ಗುಳಿಗೆ ಬರೆಯಬಹುದು. ಆಸ್ಪಿರಿನ್ ಅದರ ಬದಲಿಗೆ ಬರುವುದಿಲ್ಲ. ಆರಾಮಾಯಿತು ಅಂತ ರಕ್ತ ತೆಳುವಾಗುವ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ. ಗದ್ದೆ ಕೆಲಸದ ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನೋವಿನ ಗುಳಿಗೆಯನ್ನೂ ಅದರ ಜೊತೆ ನುಂಗಬಾರದು, ಹೊಟ್ಟೆಯೊಳಗೆ ರಕ್ತ ಸೋರಬಹುದು.