ಪದ ಪರಿಚಯ: ಕ್ಯೂವಿನ ‘ಸ್ಟೀಲ್ ಜಾಯಿಂಟ್’

‘ಸ್ಟೀಲ್ ಜಾಯಿಂಟ್ ಪೂಲ್ ಕ್ಯೂ ಮಾರಾಟಕ್ಕಿದೆ, ಹಿಟ್ ಗಟ್ಟಿ.’ ಶಿವಮೊಗ್ಗದ ನಮ್ಮ ಆಟಗಾರರ ಗುಂಪಿನಲ್ಲಿ ಇಂಥ ಸಂದೇಶ ಈ ಮಳೆಗಾಲದಲ್ಲಿ ಮೂರನೇ ಸಲ ಬಂತು. ಕ್ಯೂ ಅಂದರೆ ಪೂಲ್ ಮೇಜಿನ ಮೇಲೆ ಚೆಂಡು ಹೊಡೆಯುವ, ಎರಡು ತುಂಡಾಗಿ ಬಿಚ್ಚುವ ಕೋಲು; ಹಿಟ್ ಅಂದರೆ ಹೊಡೆದಾಗ ಕೈಗೆ ತಿಳಿಯುವ ಅನುಭವ. ಜೊತೆಗಿದ್ದ ಫೋಟೋ ನೋಡಿದರೆ ಬಟ್ಟಿನ (ಕ್ಯೂವಿನ ಹಿಂದಿನ ತುಂಡಿನ) ಬಾಯಲ್ಲಿ ಹೊಳೆಯುವ ಸ್ಟೀಲ್ ಪಿನ್ನು, ಅದರ ಸುತ್ತ ಕಪ್ಪು ಬಳೆ. ಆ ಕಪ್ಪು ಬಳೆ ಫಿನಾಲಿಕ್, ಅಂದರೆ ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್. ಹಾಗಿದ್ದ ಮೇಲೆ ಅದು ಸ್ಟೀಲ್ ಜಾಯಿಂಟ್ ಹೇಗಾದೀತು? ಮಾರುವವರು ಬೇಕೆಂದು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಕೊಳ್ಳುವ ಹುಡುಗ ಆ ಪದವನ್ನು ನಂಬಿ ದುಡ್ಡು ಎಣಿಸುತ್ತಾನಲ್ಲ, ಅದಕ್ಕಾದರೂ ಪದ ಸರಿಯಿರಬೇಕು.

ಪೂಲ್ ಆಡುವವರ ಮಾತಿನಲ್ಲಿ ‘ಸ್ಟೀಲ್ ಜಾಯಿಂಟ್’ ಎಂದರೆ ಕಾಲರ್ ಸ್ಟೀಲಿನದು ಎಂದರ್ಥ. ಕಾಲರ್ ಅಂದರೆ ಎರಡು ತುಂಡು ಸೇರುವ ಕಡೆ ಬಟ್ಟಿಗೆ ತೊಡಿಸಿದ ಬಳೆ. ಪಿನ್ನು ಹೇಗೂ ಹೆಚ್ಚಿನ ಕ್ಯೂಗಳಲ್ಲಿ ಲೋಹದ್ದೇ. ಪಿನ್ನು ನೋಡಿ ಹೆಸರಿಡುವುದಾದರೆ ಅಂಗಡಿಯಲ್ಲಿರುವ ಮುಕ್ಕಾಲು ಪಾಲು ಕ್ಯೂಗಳಿಗೆ ಒಂದೇ ಹೆಸರಾಗುತ್ತದೆ, ಆ ಹೆಸರಿನಿಂದ ಏನೂ ತಿಳಿಯುವುದಿಲ್ಲ.

ನಮ್ಮಲ್ಲಿ ಈ ಗೊಂದಲ ಇಷ್ಟು ಸಲೀಸಾಗಿ ಬೇರೂರಲು ಕನ್ನಡದ ಪದವೂ ಒಂದು ಕಾರಣ ಎಂದು ನನಗೆ ಬಹಳ ದಿನದಿಂದ ಅನ್ನಿಸಿದೆ. ಜಾಯಿಂಟಿಗೆ ನಾವು ಅನ್ನುವುದು ಕೀಲು. ಸಂಸ್ಕೃತದ ‘ಕೀಲ’ ಎಂದರೆ ಗೂಟ, ಮೊಳೆ, ಬೆಣೆ. ಕನ್ನಡಕ್ಕೆ ಬಂದ ಮೇಲೆ ಅದು ಗೂಟದ ಹೆಸರಾಗಿಯೂ ಉಳಿಯಿತು, ಗೂಟ ಹಿಡಿದಿಟ್ಟ ಸಂದಿನ ಹೆಸರೂ ಆಯಿತು. ಎತ್ತಿನ ಗಾಡಿಯ ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕೀಲು ಕೈಯಲ್ಲಿ ಹಿಡಿಯಬಹುದಾದ ವಸ್ತು. ಅಜ್ಜಿಗೆ ಮಳೆಗಾಲದಲ್ಲಿ ನೋಯುವ ಮಂಡಿಯ ಕೀಲು ಒಂದು ಜಾಗ, ಅಲ್ಲಿ ಯಾವ ಗೂಟವೂ ಇಲ್ಲ. ‘ಕೀಲಿ’ಯೂ ಇದೇ ಬಳ್ಳಿಯ ಕಾಯಿ: ಉತ್ತರ ಕರ್ನಾಟಕದವರಿಗೆ ಬೀಗವೇ ಕೀಲಿ, ಅದನ್ನು ತೆಗೆಯುವುದು ಕೀಲಿಕೈ. ಹಿಡಿಯುವ ವಸ್ತು, ಹಿಡಿಸಿಕೊಂಡ ಜಾಗ ಎರಡಕ್ಕೂ ಒಂದೇ ಪದ ಸಾಕು ಎನ್ನುವ ಭಾಷೆಯಲ್ಲಿ ಬೆಳೆದ ನಾವು ಜಾಯಿಂಟ್ ಎಂದಾಗ ಪಿನ್ನನ್ನು ಬೆರಳು ಮಾಡಿ ತೋರಿಸುವುದು ಸಹಜವೇ.

ಅದೇ ಬೆಣೆಯನ್ನು ಮಲೆನಾಡಿನ ಹಳೆಯ ಮನೆಯಲ್ಲಿ ನೋಡಿದರೆ ಗೊಂದಲ ಬಿಡುತ್ತದೆ. ಕಂಬದಲ್ಲಿ ತೂತು ಕೊರೆದು, ತೊಲೆಯ ತುದಿಯನ್ನು ನಾಲಗೆಯಂತೆ ಕೆತ್ತಿ ಕೂರಿಸಿ, ಅಡ್ಡಲಾಗಿ ಮರದ ಬೆಣೆ ಹೊಡೆದಿರುತ್ತಾರೆ. ಬೆಣೆ ಮಾಡುವುದು ತೊಲೆ ಹಿಂದೆ ಸರಿಯದಂತೆ ತಡೆಯುವ ಕೆಲಸ. ಮಾಡಿನ ಭಾರ ಇಳಿಯುವುದು ಮರಕ್ಕೆ ಮರ ಒತ್ತಿ ಕೂತ ಮುಖಗಳ ಮೂಲಕ. ಕ್ಯೂವಿನಲ್ಲೂ ಹಾಗೆಯೇ. ಪಿನ್ನು ಎರಡು ತುಂಡನ್ನು ಎಳೆದು ಬಿಗಿಯುತ್ತದೆ. ಹೊಡೆತ ಶಾಫ್ಟಿನಿಂದ (ಕ್ಯೂವಿನ ಮುಂದಿನ ತುಂಡಿನಿಂದ) ಬಟ್ಟಿಗೆ ಮುಖ್ಯವಾಗಿ ದಾಟುವುದು ಮುಖಕ್ಕೆ ಮುಖ ತಾಗಿದ ಕಡೆ. ಹಾಗಾಗಿ ಆ ಮುಖ ಯಾವುದರದ್ದು ಎಂಬುದೇ ಕೇಳಬೇಕಾದ ಪ್ರಶ್ನೆ. (ಕೆಲವರು ಜಾಯಿಂಟನ್ನು ‘ಬೆಸುಗೆ’ ಎಂದು ಬರೆಯುತ್ತಾರೆ. ಬೆಸುಗೆ ಹಾಕಿದ್ದನ್ನು ತಿರುಗಿಸಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗಲಾಗುವುದಿಲ್ಲ. ದಯವಿಟ್ಟು ಆ ಪದ ಬೇಡ.)

ಹಳೆಯ ಮಾದರಿಯ ಸ್ಟೀಲ್ ಜಾಯಿಂಟಿನಲ್ಲಿ ಪಿನ್ನು ಸಾಮಾನ್ಯವಾಗಿ 5/16-14, ಅಂದರೆ 5/16 ಇಂಚು ದಪ್ಪ, ಇಂಚಿಗೆ 14 ಮರೆ (ತಿರುಪಿನ ಸುತ್ತು). ಶಾಫ್ಟಿನೊಳಗಿನ ಹಿತ್ತಾಳೆಯ ತುಂಡು ತುಸು ಹೊರಚಾಚಿ, ಸ್ಟೀಲ್ ಕಾಲರಿನ ಬಟ್ಟಲಿನೊಳಗೆ ಇಳಿದು ಕೂರುತ್ತದೆ. ಲೋಹಕ್ಕೆ ಲೋಹ ತಾಗುತ್ತದೆ. 3/8-10 ಪಿನ್ನಿನ ಚಪ್ಪಟೆ ಮುಖದ ಕ್ಯೂಗಳಲ್ಲಿ ಮರೆಯನ್ನು ಶಾಫ್ಟಿನ ಮರದಲ್ಲೇ ಕೊರೆದಿರುವುದುಂಟು. ಬಟ್ಟಿನ ಮುಖವೂ ಮರದ್ದಾದರೆ ಅಲ್ಲಿ ಮರ ಮರವನ್ನೇ ಒತ್ತುತ್ತದೆ. ಪಿನ್ನು ಎರಡರಲ್ಲೂ ಸ್ಟೀಲೇ. ಫಿನಾಲಿಕ್ ಎಂದರೆ ಗಾಬರಿಯಾಗಬೇಕಿಲ್ಲ, ನಮ್ಮ ಹಳೆಯ ಕರಿ ಸ್ವಿಚ್ಚುಗಳ ಬೇಕಲೈಟಿನ ಜಾತಿಯದು ಅದು. ಬೇಕಲೈಟು ರಸಾಯನಶಾಸ್ತ್ರಜ್ಞ ಲಿಯೊ ಬೇಕಲ್ಯಾಂಡ್ 1907ರಲ್ಲಿ ಕಂಡುಹಿಡಿದದ್ದು. ಟೇಬಲ್ ಮೇಲಿನ ಒಳ್ಳೆಯ ಚೆಂಡುಗಳೂ ಫಿನಾಲಿಕ್ ರಾಳದವೇ.

ಈಗ ‘ಹಿಟ್’. ಸ್ಟೀಲ್ ಗಟ್ಟಿ, ಮರ ಮೆತ್ತಗೆ, ಫಿನಾಲಿಕ್ ನಡುವೆ ಎಂದು ಬಾಯಿಪಾಠ ಒಪ್ಪಿಸುವವರ ಜೊತೆ ನನ್ನ ತಕರಾರಿದೆ. ಟಿಪ್ಪು (ಕ್ಯೂವಿನ ತುದಿಯ ಚರ್ಮದ ಬಿಲ್ಲೆ) ಚೆಂಡಿಗೆ ತಾಗಿರುವುದು ಸೆಕೆಂಡಿನ ಸುಮಾರು ಸಾವಿರದ ಒಂದು ಪಾಲು. ಆ ನಡುಕ ಕೈಗೆ ಬಂದು, ಕೈಯಿಂದ ಮಿದುಳಿಗೆ ಮುಟ್ಟುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ನಮಗೆ ತಿಳಿಯುವ ಹಿಟ್ ಆಗಿಹೋದ ಹೊಡೆತದ ಸುದ್ದಿ. ಆ ಸುದ್ದಿಯ ದೊಡ್ಡ ಪಾಲು ಟಿಪ್ಪಿನದು, ಆಮೇಲೆ ಶಾಫ್ಟಿನದು. ಜಾಯಿಂಟಿನ ಪಾಲು ಎರಡು ದಾರಿಯಲ್ಲಿ ಬರುತ್ತದೆ.

ಒಂದು ತೂಕ. ಸ್ಟೀಲಿನ ಸಾಂದ್ರತೆ ನೀರಿನ 7.8 ಪಟ್ಟು, ಫಿನಾಲಿಕ್ಕಿನದು ಸುಮಾರು 1.4 ಪಟ್ಟು. ಇಂಚುದ್ದದ ಕಾಲರಿನಲ್ಲಿ ಇದು ಹತ್ತಿರ ಹತ್ತಿರ 30 ಗ್ರಾಂ ವ್ಯತ್ಯಾಸ. 540 ಗ್ರಾಮಿನ ಕ್ಯೂವಿನಲ್ಲಿ ಅದೇನು ಮಹಾ ಎನ್ನಬೇಡಿ. ಜಾಯಿಂಟು ಇರುವುದು ತೂಕದ ನಡುಬಿಂದುವಿನಿಂದ ಸುಮಾರು 10 ಇಂಚು ಮುಂದೆ. ಹಾಗಾಗಿ ಆ ಬಿಂದು ಅರ್ಧ ಇಂಚು ಮುಂದಕ್ಕೆ ಸರಿಯುತ್ತದೆ. ಕ್ಯೂವನ್ನು ಬೆರಳ ಮೇಲೆ ತೂಗಿಸಿ ನೋಡಿ, ಗೊತ್ತಾಗುತ್ತದೆ. ಬ್ರಿಡ್ಜ್ ಕೈಯ (ಮುಂದೆ ಕ್ಯೂವಿಗೆ ಆಸರೆ ಕೊಡುವ ಕೈಯ) ಮೇಲೆ ತುಸು ಹೆಚ್ಚು ಕೂರುವ ಆ ಭಾರವನ್ನೇ ಬಹಳ ಮಂದಿ ‘ಗಟ್ಟಿ ಹಿಟ್’ ಅನ್ನುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಸದ್ದು. ದುರ್ಗಿಗುಡಿ ಕಡೆಯ ಒಂದು ಪೂಲ್ ರೂಮಿನಲ್ಲಿ ನಾನೂ ಗೆಳೆಯನೂ ಇದನ್ನು ಪರೀಕ್ಷಿಸಿದೆವು. ಒಂದು ಸ್ಟೀಲ್ ಕಾಲರಿನ ಕ್ಯೂ, ಒಂದು ಮರದ ಮುಖದ್ದು, ಎರಡಕ್ಕೂ ಹೊಸದಾಗಿ ಹಾಕಿಸಿದ ಒಂದೇ ಬಗೆಯ ಟಿಪ್ಪು. ನಾನು ಕಣ್ಣು ಮುಚ್ಚಿ ನಿಂತು ಹೊಡೆದೆ, ಕೈಗೆ ಯಾವುದನ್ನು ಕೊಡಬೇಕೆಂದು ಅವನು ತೀರ್ಮಾನಿಸುತ್ತಿದ್ದ. ಹತ್ತರಲ್ಲಿ ಒಂಬತ್ತು ಸರಿ ಹೇಳಿದೆ. ಆಮೇಲೆ ಕಿವಿಗೆ ಹತ್ತಿ ತುರುಕಿಕೊಂಡು ಹೊಡೆದೆ. ಏಳಕ್ಕೆ ಇಳಿಯಿತು. ಆ ಏಳಕ್ಕೂ ಆಧಾರ ಕ್ಯೂ ಎತ್ತಿಕೊಂಡಾಗಿನ ತೂಕವೇ ಆಗಿತ್ತು.

ಸ್ನೂಕರ್ ಟೇಬಲ್‌ನಿಂದ ಪೂಲಿಗೆ ಬಂದವರು ಹಿತ್ತಾಳೆ ಜಾಯಿಂಟಿನ ಅನುಭವ ಹೇಳುತ್ತಾರೆ. ಅವರ ‘ಮುಕ್ಕಾಲು’ ಕ್ಯೂವಿನಲ್ಲಿ (ಮುಂದಿನ ತುಂಡೇ ಮುಕ್ಕಾಲು ಉದ್ದ ಇರುವಂಥದ್ದು) ಜಾಯಿಂಟು ಹಿಂದಿನ ಕೈಯ ಹತ್ತಿರ ಇರುತ್ತದೆ, ಅಲ್ಲಿ ಲೋಹದ ಭಾರ ಕ್ಯೂವಿನ ಮುಂಭಾಗಕ್ಕೆ ಬರುವುದೇ ಇಲ್ಲ. ಅದನ್ನು ಇದಕ್ಕೆ ಹೋಲಿಸಬಾರದು.

ಕಳೆದ ಆಷಾಢದಲ್ಲಿ ಪರಿಚಯದ ಹುಡುಗನೊಬ್ಬ ಬಂದು, ‘ಅಣ್ಣಾ, ಫಿನಾಲಿಕ್ ಜಾಯಿಂಟ್ ಸರಿಯಿಲ್ಲ, ಹಿಟ್ಟೇ ಸತ್ತೋಗಿದೆ, ಸ್ಟೀಲಿಂದು ತಗೊಳ್ತೀನಿ’ ಅಂದ. ಕ್ಯೂವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಕಾಲರಿಗೂ ಶಾಫ್ಟಿಗೂ ನಡುವೆ ಕೂದಲೆಳೆಯಷ್ಟು ಬೆಳಕು. ಬಿಚ್ಚಿದರೆ ಶಾಫ್ಟಿನ ಮುಖದ ಮೇಲೂ ಮರೆಯೊಳಗೂ ಟಿಪ್ಪಿಗೆ ಉಜ್ಜುವ ನೀಲಿ ಚಾಕಿನ ಪುಡಿ ಮಳೆಗಾಲದ ಥಂಡಿಗೆ ಒದ್ದೆಯಾಗಿ ಗಾರೆಯ ಹಾಗೆ ಕಟ್ಟಿತ್ತು. ಹಳೆಯ ಟೂತ್‌ಬ್ರಷ್ಷಿನಿಂದ ತಿಕ್ಕಿ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಮುಖಕ್ಕೆ ಮುಖ ತಾಗುವವರೆಗೆ ತಿರುಗಿಸಿ ಕೊಟ್ಟೆ. ಅವನು ಒಂದು ಚೆಂಡು ಹೊಡೆದು ನನ್ನ ಕಡೆ ತಿರುಗಿದ. ಈಗಲೂ ಅದೇ ಕ್ಯೂವಿನಲ್ಲಿ ಆಡುತ್ತಿದ್ದಾನೆ.